ಧಾರವಾಡದ ದನಿ, ಗದುಗಿನ ಕಂಠ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಹಿರಿಯರಿಗೆ ರೇಡಿಯೊ ಎಂದರೆ ಧಾರವಾಡವೇ. ಆಕಾಶವಾಣಿ ಧಾರವಾಡ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. ಬೆಂಗಳೂರಿಗೆ ಆಕಾಶವಾಣಿ ಬಂದದ್ದು ಅದಾದ ಐದು ವರ್ಷಗಳ ಮೇಲೆ. ಧಾರವಾಡ ಕೇಂದ್ರ ಶುರುವಾದಾಗ ಧಾರವಾಡ, ಗದಗ ಎಲ್ಲವೂ ಮುಂಬಯಿ ಪ್ರಾಂತ್ಯದಲ್ಲಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಿಂದ, ಲಕ್ಷ್ಮೇಶ್ವರ ಮೀರಜ ಸಂಸ್ಥಾನದಿಂದ ಬಿಡಿಸಿಕೊಂಡು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಮುಂಡರಗಿಯ ಮಗ್ಗುಲಿನ ಕೊಪ್ಪಳ ಸೀಮೆ ಹೈದರಾಬಾದಿಗೆ ಸೇರಿತ್ತು. ಕರ್ನಾಟಕದ ಏಕೀಕರಣ 1956ರ ನವೆಂಬರ್ 1ರ ಮಾತು. ಕಂದಾಯದ ದಫ್ತರುಗಳಲ್ಲಿ ಬೇರೆಬೇರೆಯಾಗಿದ್ದ ಈ ಊರುಗಳು ಅದಕ್ಕೂ ಆರು ವರ್ಷ ಮುಂಚೆಯೇ ಒಂದೇ ಹೊತ್ತಿಗೆ ಒಂದೇ ಕನ್ನಡ ದನಿಗೆ ಕಿವಿಗೊಡುವಂತಾಯಿತು. ರೇಡಿಯೊ ಇದ್ದ ಮನೆಗಳು ಆಗ ಬೆರಳೆಣಿಕೆಯವು. ಅದನ್ನು ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷವರ್ಷ ಹಣ ಕಟ್ಟಿ ಲೈಸೆನ್ಸು ನವೀಕರಿಸಬೇಕಿತ್ತು. ಹಾಗಾಗಿ ಒಬ್ಬರ ಮನೆಯ ರೇಡಿಯೊ ಓಣಿಗೆಲ್ಲ ರೇಡಿಯೊ.

ನಸುಕಿನಲ್ಲಿ ಮೊದಲು ಕೇಳುವುದು ತಂಬೂರಿಯ ಶ್ರುತಿಯ ಮೇಲೆ ಪಿಟೀಲು ನುಡಿಸುವ, ಆಕಾಶವಾಣಿಯ ಆ ಪರಿಚಿತ ಸ್ವರಗುಚ್ಛ. ಅದನ್ನು ಸಂಯೋಜಿಸಿದವರು ವಾಲ್ಟರ್ ಕೌಫ್‌ಮನ್, ನಾಜಿಗಳ ಕಾಟಕ್ಕೆ ಯುರೋಪು ಬಿಟ್ಟು ಮುಂಬಯಿಗೆ ಬಂದ ಯಹೂದಿ ಸಂಗೀತಗಾರ. ಹಿಂದೆಯೇ ವಂದೇ ಮಾತರಂ, ಆಮೇಲೆ ವಚನ, ದಾಸರ ಪದ, ತತ್ವಪದ. 6.55ಕ್ಕೆ ಸಂಸ್ಕೃತ ವಾರ್ತೆ. 7.05ಕ್ಕೆ ಬೆಂಗಳೂರಿನಿಂದ ಪ್ರದೇಶ ಸಮಾಚಾರ. ಈ ಎರಡು ಹೊತ್ತುಗಳಿಗೆ ಗಡಿಯಾರದ ಮುಳ್ಳು ಸರಿಪಡಿಸಿಕೊಂಡ ಮನೆಗಳು ಎಷ್ಟೋ. ಸಂಸ್ಕೃತ ವಾರ್ತೆ ಮುಗಿಯುವುದರೊಳಗೆ ನೀರೊಲೆ ಹೊತ್ತಿರಬೇಕು, ಪ್ರದೇಶ ಸಮಾಚಾರ ಮುಗಿಯುವುದರೊಳಗೆ ರೊಟ್ಟಿಯ ಹಂಚು ಕಾದಿರಬೇಕು.

ಧಾರವಾಡ ಕೇಂದ್ರ ಮಧ್ಯಮ ತರಂಗದಲ್ಲಿ 765 ಕಿಲೋಹರ್ಟ್ಸ್‌ನಲ್ಲಿ ಸಿಗುತ್ತದೆ. ಪ್ರೇಷಕದ ಶಕ್ತಿ 200 ಕಿಲೋವ್ಯಾಟ್. ಅಲೆಯ ಉದ್ದ ಸುಮಾರು 392 ಮೀಟರ್. ಇಷ್ಟು ಉದ್ದದ ಅಲೆ ಹಗಲಲ್ಲಿ ನೆಲವನ್ನೇ ತಬ್ಬಿಕೊಂಡು ಸಾಗುತ್ತದೆ. ಎಫ್‌ಎಂ ಅಲೆಯ ಹಾಗೆ ಅಡ್ಡ ಬಂದ ಗುಡ್ಡಕ್ಕೆ ಸೋಲುವುದಿಲ್ಲ. ಕಪ್ಪತಗುಡ್ಡದ ಮರೆಯ ಊರುಗಳಿಗೂ ಅದು ತಲುಪುವುದು ಈ ಕಾರಣಕ್ಕೆ. ಒಣ ಮರಳು ನೆಲಕ್ಕಿಂತ ತೇವ ಹಿಡಿದ ಎರೆಭೂಮಿ ಇಂಥ ಅಲೆಯನ್ನು ಚೆನ್ನಾಗಿ ಸಾಗಿಸುತ್ತದೆ. ಮಳೆಯಾದರೆ ಬಿಳಿಜೋಳಕ್ಕೂ ಒಳಿತು, ರೇಡಿಯೊಕ್ಕೂ ಒಳಿತು.

ದಿನದ ಕಾರ್ಯಕ್ರಮಗಳಲ್ಲಿ ಈ ಸೀಮೆ ಹೆಚ್ಚು ಕಿವಿಗೊಟ್ಟು ಕೇಳಿದ್ದು ರೈತರ ಕಾರ್ಯಕ್ರಮವನ್ನು. ಹವಾಮಾನ, ಪೇಟೆ ಧಾರಣೆ, ಕೃಷಿ ವಿಜ್ಞಾನಿಗಳ ಸಲಹೆ ಅದರ ಹೂರಣ. ಹೊಲದಲ್ಲಿ ಮೆಣಸಿನ ಗಿಡಕ್ಕೆ ಮುಟುರು ರೋಗ ಬಿದ್ದಿದೆ ಎನ್ನಿ. ಇವತ್ತಾದರೆ ಫೋನಿನಲ್ಲಿ ಫೋಟೊ ತೆಗೆದು ಕಳಿಸಬಹುದು. ರೇಡಿಯೊದಲ್ಲಿ ಮಾತೇ ಫೋಟೊ ಆಗಬೇಕು. ಎಲೆಯ ಅಂಚು ಮೇಲಕ್ಕೆ ಮುದುಡಿದ್ದರೆ ಥ್ರಿಪ್ಸ್ ಕಾಟ, ಕೆಳಕ್ಕೆ ಬಾಗಿ ಮಗುಚಿದ ದೋಣಿಯಂತಾಗಿದ್ದರೆ ನುಸಿಯ ಕಾಟ. ಎರಡಕ್ಕೂ ಹೊಡೆಯುವ ಔಷಧ ಬೇರೆ. ಇದನ್ನು ಚಿತ್ರವಿಲ್ಲದೆ, ಇಂಗ್ಲಿಷಿನ ಹಂಗಿಲ್ಲದೆ, ಬಯಲುಸೀಮೆಯ ಮಾತಿನಲ್ಲಿ ತಿಳಿಯುವಂತೆ ಹೇಳಬೇಕು. ವಿಜ್ಞಾನವನ್ನು ಕನ್ನಡದಲ್ಲಿ ಹೇಳಲಾಗದು ಎನ್ನುವವರು ಹತ್ತು ನಿಮಿಷ ಈ ಕಾರ್ಯಕ್ರಮ ಕೇಳಲಿ.

ಇನ್ನು ಬೆಟಗೇರಿಯ ಮಗ್ಗದ ಮನೆಗಳು. ನೇಕಾರನ ಕಣ್ಣು ಹಾಸಿನ ಎಳೆಯ ಮೇಲೆ, ಕೈ ಲಾಳಿಯ ಮೇಲೆ, ಕಾಲು ತುಳಿಗೋಲಿನ ಮೇಲೆ. ಬಿಡುವಿರುವುದು ಕಿವಿಗೊಂದೇ. ಮಧ್ಯಾಹ್ನದ ಚಿತ್ರಗೀತೆ, ಮಹಿಳೆಯರ ಕಾರ್ಯಕ್ರಮ, ಜನಪದ ಗೀತೆಗಳೆಲ್ಲ ಇಂಥ ದುಡಿಮೆಗೆ ಒಗ್ಗಿದವು. ಟಿವಿಗೆ ಅದು ಸಾಧ್ಯವಿಲ್ಲ. ಅದು ಕಣ್ಣು ಬೇಡುತ್ತದೆ.

ಇಷ್ಟೇ ಆಗಿದ್ದರೆ ಧಾರವಾಡ ಹೇಳಿತು, ಗದಗ ಕೇಳಿತು ಎಂದು ಬರೆದು ಮುಗಿಸಬಹುದಿತ್ತು. ಆದರೆ ಆ ಕೇಂದ್ರದ ಕಂಠದಲ್ಲಿ ಗದಗವೂ ಇದೆ. ಪಂಚಾಕ್ಷರಿ ಗವಾಯಿಗಳು ಕಟ್ಟಿ, 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿದ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿತು. ಗುರುಗಳಿಬ್ಬರಿಗೂ ಕಣ್ಣಿರಲಿಲ್ಲ. ಕಿವಿಯಿಂದಲೇ ಕಲಿತು ಕಿವಿಗೇ ಕಲಿಸುವ ಮನೆಯದು. ಕಿವಿಯನ್ನೇ ನಂಬಿದ ರೇಡಿಯೊಕ್ಕೂ ಅದಕ್ಕೂ ನಂಟು ಬೆಳೆಯದೇ ಇರುತ್ತದೆಯೇ? ಪಂಚಾಕ್ಷರಿ ಗವಾಯಿಗಳ ಶಿಷ್ಯ ಬಸವರಾಜ ರಾಜಗುರು ಅವರ ಗಾಯನ ಧಾರವಾಡ ಕೇಂದ್ರದಿಂದ ಮನೆಮನೆಗೆ ಹೋಯಿತು. ಮಲ್ಲಿಕಾರ್ಜುನ ಮನ್ಸೂರರು ಅದೇ ಕೇಂದ್ರಕ್ಕೆ ಸಂಗೀತ ಸಲಹೆಗಾರರಾಗಿದ್ದರು. ಆಡಿಷನ್ನಿನಲ್ಲಿ ಗೆದ್ದ ಕಲಾವಿದನಿಗೆ ಬಿ, ಬಿ-ಹೈ, ಎ, ಟಾಪ್ ಎಂದು ಶ್ರೇಣಿ ಸಿಗುತ್ತದೆ. ಊರೂರು ತಿರುಗುವ ಗಾಯಕನಿಗೆ ‘ಆಕಾಶವಾಣಿ ಕಲಾವಿದರು’ ಎಂಬ ಎರಡು ಮಾತು ಕರಪತ್ರದಲ್ಲಿ ಅಚ್ಚಾದರೆ ಅದರ ತೂಕವೇ ಬೇರೆ.

ಹಾರ್ಮೋನಿಯಂ ಕತೆಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಹಿಂದೂಸ್ತಾನಿ ರಾಗಗಳ ಸೂಕ್ಷ್ಮ ಶ್ರುತಿಗಳು ಅದರ ಮನೆಗಳಲ್ಲಿ ಕೂರುವುದಿಲ್ಲ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ ಎಂಬ ಕಾರಣಕ್ಕೆ ರೇಡಿಯೊ 1940ರಲ್ಲಿ ಹಾರ್ಮೋನಿಯಂ ಅನ್ನು ದೂರವಿಟ್ಟಿತು. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಅಂದರೆ ಧಾರವಾಡ ಕೇಂದ್ರ ತನ್ನ ಮೊದಲ ಎರಡು ದಶಕ ಹಾರ್ಮೋನಿಯಂ ಇಲ್ಲದೆಯೇ ಹಾಡಿಸಿತು. ಸಾಥಿಗೆ ಸಾರಂಗಿ, ಪಿಟೀಲು. ಅದೇ ವರ್ಷಗಳಲ್ಲಿ ಗದುಗಿನ ಆಶ್ರಮದಲ್ಲಿ, ನಾಟಕ ಕಂಪನಿಗಳಲ್ಲಿ, ಭಜನೆಯ ಗುಡಿಗಳಲ್ಲಿ ಪೆಟ್ಟಿಗೆಯೇ ಪ್ರಾಣ. ಪುಟ್ಟರಾಜರ ಬೆರಳು ಅದರ ಮೇಲೆ ಆಡಿದ್ದನ್ನು ಕೇಳಿದವರಿಗೆ ಆ ನಿಷೇಧ ನ್ಯಾಯವೆನಿಸಲು ಸಾಧ್ಯವೇ ಇಲ್ಲ. ಶ್ರುತಿಯ ವಾದ ಶಾಸ್ತ್ರಕ್ಕೆ ಸರಿಯಿರಬಹುದು, ಆದರೆ ನಮ್ಮ ಸೀಮೆಯ ಹಾಡುಗಾರಿಕೆಯನ್ನು ಬೆಳೆಸಿದ ವಾದ್ಯವನ್ನೇ ಹೊರಗೆ ನಿಲ್ಲಿಸಿದ್ದು ತಪ್ಪೇ.

ಸಾಹಿತ್ಯದ ಎಳೆಯೂ ಇದೆ. ಸೊಲ್ಲಾಪುರದ ಕಾಲೇಜಿನಿಂದ 1956ರಲ್ಲಿ ನಿವೃತ್ತರಾದ ದ.ರಾ. ಬೇಂದ್ರೆ ಧಾರವಾಡ ಆಕಾಶವಾಣಿಗೆ ಸಲಹೆಗಾರರಾದರು. ಅವರ ಪೂರ್ವಿಕರು ಬಂದು ನೆಲೆಸಿದ್ದು ಶಿರಹಟ್ಟಿಯಲ್ಲಿ. ಎನ್ಕೆ ಕುಲಕರ್ಣಿಯವರಂಥ ಬರಹಗಾರರು ಅದೇ ಕೇಂದ್ರದಲ್ಲಿ ದುಡಿದರು. ಪುಸ್ತಕದ ಕನ್ನಡ ಒಂದು, ಮನೆಯ ಕನ್ನಡ ಒಂದು ಎಂದು ಅಳುಕುತ್ತಿದ್ದ ನಮ್ಮ ಮಂದಿಗೆ ‘ಹೌದ್ರೀ’, ‘ಬರ್ರೀ’ ಎಂಬ ಮಾತು ಸರ್ಕಾರಿ ರೇಡಿಯೊದ ನಾಟಕದಲ್ಲಿ ಕೇಳಿದಾಗ ಬಂದ ಧೈರ್ಯ ಸಣ್ಣದಲ್ಲ.

ರಾತ್ರಿಯ ಪಾಲು ಹಿಂದೂಸ್ತಾನಿ ಸಂಗೀತಕ್ಕೆ. ದೆಹಲಿಯಿಂದ 1952ರಲ್ಲಿ ಶುರುವಾದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶನಿವಾರ ರಾತ್ರಿಗಳನ್ನು ದೇಶದ ದೊಡ್ಡ ಗಾಯಕರಿಗೆ ಮೀಸಲಿಟ್ಟಿತು. ರೋಣದಲ್ಲಿ ಹುಟ್ಟಿ ಗದಗದಲ್ಲಿ ಬೆಳೆದ ಭೀಮಸೇನ ಜೋಶಿಯವರ ದನಿ ದೇಶವನ್ನೆಲ್ಲ ಸುತ್ತಿ ಮತ್ತೆ ಗದುಗಿನ ಅಂಗಳಕ್ಕೆ ಬಂದದ್ದು ಇಂಥ ರಾತ್ರಿಗಳಲ್ಲೇ.

ಈಗಿನ ಫೋನುಗಳಲ್ಲಿ ಮಧ್ಯಮ ತರಂಗ ಸಿಗುವುದಿಲ್ಲ. ಆದರೆ ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ಧಾರವಾಡ ಕೇಂದ್ರವನ್ನು ಹುಡುಕಿದರೆ ಸಿಗುತ್ತದೆ, ಪುಣೆಯಲ್ಲಿ ಕೆಲಸಕ್ಕಿರುವ ಮಗನಿಗೂ ಸಿಗುತ್ತದೆ. ಅಟ್ಟದ ಮೇಲೆ ಹಳೆಯ ಸೆಟ್ ಇದ್ದವರು ಸೆಲ್ ಬದಲಿಸಿ ಮುಳ್ಳನ್ನು 765ಕ್ಕೆ ತಿರುಗಿಸಲಿ. ಮನೆಯಲ್ಲಿ ಚೆನ್ನಾಗಿ ಹಾಡುವ ಮಕ್ಕಳಿದ್ದರೆ ಆಡಿಷನ್ನಿಗೆ ಯಾವಾಗ ಅರ್ಜಿ ಕರೆಯುತ್ತಾರೆಂದು ಕೇಂದ್ರಕ್ಕೇ ಬರೆದು ಕೇಳಲಿ.