ನಿಮಗಿದು ಗೊತ್ತೆ? ನಿಯಮ ಮೀರಿದ ವೈನ್‌ಗೇ ಕಾನೂನು ಬಾಗಿತು!

ಇಟಲಿಯ ಕೆಲವು ದುಬಾರಿ ವೈನ್‌ಗಳು ಒಂದು ಕಾಲದಲ್ಲಿ ‘ವೀನೊ ದ ತಾವೊಲ’, ಅಂದರೆ ಊಟದ ಜೊತೆ ಕುಡಿಯುವ ಮಾಮೂಲಿ ವೈನ್ ಎಂಬ ಹಣೆಪಟ್ಟಿ ಹೊತ್ತೇ ಮಾರಾಟವಾಗುತ್ತಿದ್ದವು. ತಯಾರಕರು ಸರ್ಕಾರಿ ನಿಯಮ ಮೀರಿದ್ದೇ ಇದಕ್ಕೆ ಕಾರಣ.

• ಟಸ್ಕನಿ ಪ್ರಾಂತ್ಯದ ಕಿಯಾಂಟಿ ಕೆಂಪು ವೈನ್. ಆದರೂ 1967ರ ನಿಯಮದಂತೆ ಅದಕ್ಕೆ ಶೇ 10ರಿಂದ 30ರಷ್ಟು ಬಿಳಿ ದ್ರಾಕ್ಷಿ ಬೆರೆಸಲೇಬೇಕಿತ್ತು. ಇದರಿಂದ ಬಣ್ಣ, ರುಚಿ ಎರಡೂ ತೆಳುವಾಗುತ್ತವೆ ಎಂಬುದು ಹಲವರ ತಕರಾರು.

• ವೈನ್ ತಯಾರಕ ಮಾರಿಯೊ ಇಂಚೀಸಾ ದೆಲ್ಲಾ ರೊಕೆಟ್ಟಾ 1940ರ ದಶಕದಲ್ಲೇ ಟಸ್ಕನಿಯ ಬೋಲ್ಗೆರಿಯಲ್ಲಿ ಫ್ರಾನ್ಸ್ ಮೂಲದ ಕ್ಯಾಬರ್ನೆ ಸುವಿನ್ಯೊನ್ ದ್ರಾಕ್ಷಿ ಬಳ್ಳಿ ನೆಟ್ಟಿದ್ದರು. ವರ್ಷಗಟ್ಟಲೆ ಮನೆಬಳಕೆಗಷ್ಟೇ ಆಗುತ್ತಿದ್ದ ಅದರ ವೈನ್ 1968ರ ಫಸಲಿನೊಂದಿಗೆ ಮಾರುಕಟ್ಟೆಗೆ ಬಂತು. ಅದೇ ‘ಸಾಸಿಕಾಯಾ’; ಹೆಸರಿನ ಅರ್ಥ ಕಲ್ಲುಗಳ ಜಾಗ.

• ವೈನ್ ಕಸುಬಿನಲ್ಲಿ ಆರು ಶತಮಾನ ಕಂಡ ಆಂಟಿನೋರಿ ಮನೆತನದ ಪಿಯೆರೊ, 1971ರ ಫಸಲಿನ ‘ತಿನ್ಯಾನೆಲ್ಲೊ’ ವೈನ್‌ನ ಮೇಲಿಂದ ಕಿಯಾಂಟಿ ಎಂಬ ಹೆಸರನ್ನೇ ಕೈಬಿಟ್ಟರು. 1975ರ ಹೊತ್ತಿಗೆ ಬಿಳಿ ದ್ರಾಕ್ಷಿಗೂ ವಿದಾಯ. ಹಳೆಯ ಭಾರಿ ಪೀಪಾಯಿಗಳ ಜಾಗಕ್ಕೆ ಸುಮಾರು 225 ಲೀಟರಿನ ಪುಟ್ಟ ಓಕ್ ಪೀಪಾಯಿಗಳು ಬಂದವು.

• 1978ರಲ್ಲಿ ಲಂಡನ್ನಿನಲ್ಲಿ ನಡೆದ ರುಚಿಪರೀಕ್ಷೆಯಲ್ಲಿ ಸಾಸಿಕಾಯಾ ಬೇರೆ ಬೇರೆ ದೇಶಗಳ ಕ್ಯಾಬರ್ನೆಗಳನ್ನು ಹಿಂದಿಕ್ಕಿತು. ಇಂಥ ವೈನ್‌ಗಳಿಗೆ ‘ಸೂಪರ್ ಟಸ್ಕನ್’ ಎಂಬ ಅಡ್ಡಹೆಸರೂ ಅಂಟಿಕೊಂಡಿತು.

• ಕೊನೆಗೆ ಸೋತದ್ದು ಕಾನೂನೇ. 1992ರ ಕಾಯ್ದೆ ಇಂಥ ವೈನ್‌ಗಳಿಗೂ ಹೊಂದುವ ‘ಐಜಿಟಿ’ ಎಂಬ ಹೊಸ ದರ್ಜೆ ತಂದಿತು. 2006ರಿಂದ ಕಿಯಾಂಟಿಯದೇ ಒಂದು ಬಗೆಯಾದ ಕಿಯಾಂಟಿ ಕ್ಲಾಸಿಕೊದಲ್ಲಿ ಬಿಳಿ ದ್ರಾಕ್ಷಿ ಬೆರೆಸುವುದೇ ನಿಷಿದ್ಧ. ಅಂದು ಬೆರೆಸದಿದ್ದರೆ ತಪ್ಪು, ಇಂದು ಬೆರೆಸಿದರೆ ತಪ್ಪು!