ಧನುಷ್ಕೋಟಿ: ಹಳಿಗಳು ಮುಗಿದ ಊರು

ರಾಮೇಶ್ವರದ ಯಾತ್ರೆ ಕೈಗೊಳ್ಳುವ ಕನ್ನಡ ನಾಡಿನ ಭಕ್ತರಲ್ಲಿ ಅನೇಕರು ಧನುಷ್ಕೋಟಿಗೂ ಹೋಗಿ, ಎರಡು ಕಡಲುಗಳು ಕೂಡುವ ನೋಟವನ್ನು ಕಂಡು ಮರಳುತ್ತಾರೆ. ದಾರಿಯ ಬದಿಯಲ್ಲಿ ನಿಂತಿರುವ ಮುರುಕು ಗೋಡೆಗಳತ್ತ ಗಮನ ಹರಿಸುವವರು ವಿರಳ. ಅವು ಯಾವುದೋ ಪ್ರಾಚೀನ ರಾಜಧಾನಿಯ ಗೋಡೆಗಳಲ್ಲ. ಅರ್ಧ ಶತಮಾನ ಕಾಲ ಎರಡು ದೇಶಗಳನ್ನು ಬೆಸೆದಿದ್ದ ರೈಲ್ವೆ ಪಟ್ಟಣವೊಂದರ ಅವಶೇಷಗಳು.

1914ರಲ್ಲಿ ಪಾಂಬನ್ ಸೇತುವೆಯ ಮೇಲೆ ರೈಲು ಸಂಚಾರ ಆರಂಭವಾದ ಬಳಿಕ ಧನುಷ್ಕೋಟಿಗೆ ಮಹತ್ವ ಬಂದಿತು. ಮದರಾಸಿನಿಂದ ಹೊರಟ ‘ಬೋಟ್ ಮೇಲ್’ ಪ್ರಯಾಣಿಕರು ಇಲ್ಲಿ ರೈಲಿನಿಂದಿಳಿದು ಹಡಗನ್ನೇರಿ, ಸುಮಾರು 35 ಕಿ.ಮೀ. ದೂರದ ತಲೈಮನ್ನಾರನ್ನು ತಲುಪಿ, ಅಲ್ಲಿಂದ ಮತ್ತೊಂದು ರೈಲಿನಲ್ಲಿ ಕೊಲಂಬೊಗೆ ತೆರಳುತ್ತಿದ್ದರು. ನಿಲ್ದಾಣದ ಸುತ್ತ ಅಂಚೆ ಕಚೇರಿ, ಸುಂಕದ ಕಚೇರಿ, ಶಾಲೆ, ದೇಗುಲ, ಚರ್ಚುಗಳು ತಲೆಯೆತ್ತಿದವು.

ಆದರೆ ಆ ಊರು ನಿಂತಿದ್ದುದು ಎರಡು ಸಮುದ್ರಗಳ ನಡುವಣ ಕಿರಿದಾದ ಮರಳಿನ ಪಟ್ಟಿಯ ಮೇಲೆ. 1964ರ ಡಿಸೆಂಬರ್ 22ರ ರಾತ್ರಿ ಬೀಸಿದ ಚಂಡಮಾರುತವು ಕಡಲನ್ನು ದಡದ ಮೇಲಕ್ಕೆ ನೂಕಿದಾಗ, ತಡೆಯಲು ಎತ್ತರದ ನೆಲವೂ ಇರಲಿಲ್ಲ, ಓಡಿಹೋಗಲು ಹಿನ್ನಾಡೂ ಇರಲಿಲ್ಲ. ಪಾಂಬನ್‌ನಿಂದ ಹೊರಟು ಊರನ್ನು ಸಮೀಪಿಸುತ್ತಿದ್ದ ಪ್ಯಾಸೆಂಜರ್ ರೈಲು ನೂರಕ್ಕೂ ಹೆಚ್ಚು ಪ್ರಯಾಣಿಕರೊಡನೆ ಅಲೆಗಳ ಪಾಲಾಯಿತು. ಅವರಲ್ಲಿ ಒಬ್ಬರೂ ಉಳಿಯಲಿಲ್ಲ.

ಅದೇ ಬಿರುಗಾಳಿಗೆ ಪಾಂಬನ್ ಸೇತುವೆಯ ತೊಲೆಗಳೂ ಕೊಚ್ಚಿಹೋದವು. ತರುಣ ಎಂಜಿನಿಯರ್ ಇ. ಶ್ರೀಧರನ್ ಅವರ ನೇತೃತ್ವದಲ್ಲಿ 46 ದಿನಗಳಲ್ಲೇ ಸೇತುವೆ ಮತ್ತೆ ಸಂಚಾರಯೋಗ್ಯವಾಯಿತು. ಊರಿಗೆ ಆ ಭಾಗ್ಯ ಒದಗಲಿಲ್ಲ. ಅದು ವಾಸಕ್ಕೆ ಅಯೋಗ್ಯವೆಂದು ಸರ್ಕಾರ ಸಾರಿತು. ರೈಲುಮಾರ್ಗ ರಾಮೇಶ್ವರದಲ್ಲೇ ಕೊನೆಗೊಂಡಿತು. ಸೇತುವೆಯನ್ನು ಮತ್ತೆ ಕಟ್ಟಬಹುದಾಗಿತ್ತು, ಕಾಲಡಿಯ ನೆಲವನ್ನು ಬದಲಿಸಲಾಗುತ್ತಿರಲಿಲ್ಲ.

2017ರಲ್ಲಿ ಭೂಶಿರದ ತುದಿಯವರೆಗೆ ರಸ್ತೆ ಸಿದ್ಧವಾದ ಮೇಲೆ ಅವಶೇಷಗಳನ್ನು ಕಾಣುವುದು ಸುಲಭವಾಗಿದೆ. ಹವಳದ ಕಲ್ಲಿನ ಚರ್ಚಿನ ಛಾವಣಿ ಇಲ್ಲವಾಗಿ, ಗೋಡೆಗಳಷ್ಟೇ ಉಳಿದಿವೆ. ನಿಲ್ದಾಣದ ಗೋಡೆಗಳೂ ನೀರಿನ ತೊಟ್ಟಿಯ ಬುಡವೂ ಮರಳಿನ ನಡುವೆ ನಿಂತಿವೆ. ಶಾಲೆಯ ಗೋಡೆಯ ಮುಂದೆ ನಿಂತವರಿಗೆ ಅಲ್ಲಿ ಅಕ್ಷರ ಕಲಿತ ಮಕ್ಕಳ ನೆನಪಾಗದಿರದು.

ಇಷ್ಟಾದರೂ ಧನುಷ್ಕೋಟಿ ಪೂರ್ತಿ ನಿರ್ಜನವಾಗಲಿಲ್ಲ. ಬೆಸ್ತರ ಕುಟುಂಬಗಳು ಗುಡಿಸಲು ಕಟ್ಟಿಕೊಂಡು ಅಲ್ಲೇ ಬಾಳುತ್ತಿವೆ. ಕಡಲಂಚಿನ ಮರಳಲ್ಲಿ ಸಣ್ಣ ಗುಂಡಿ ತೋಡಿ ಅವರು ಸಿಹಿನೀರು ಪಡೆಯುತ್ತಾರೆ: ಮಳೆನೀರು ಮರಳಿನಲ್ಲಿ ಇಂಗಿ, ಭಾರವಾದ ಉಪ್ಪುನೀರಿನ ಮೇಲೆ ತೆಳುಪದರವಾಗಿ ನಿಂತಿರುತ್ತದೆ. ಆಳಕ್ಕೆ ತೋಡಿದರೆ ಉಪ್ಪುನೀರೇ ಗತಿ. ಆ ನೆಲದ ಮಿತಿಯನ್ನರಿತವರೇ ಇಂದಿಗೂ ಅಲ್ಲಿ ಉಳಿದಿದ್ದಾರೆ. ಊರು ಕಟ್ಟುವವರೂ ಶಾಲೆ ಕಟ್ಟುವವರೂ ಮನಗಾಣಬೇಕಾದ ಪಾಠವಿದು.