ಒರಗಿ ಕೂತು ತುಳಿಯುವ ಸೈಕಲ್: ಗುಜರಿ ಕಬ್ಬಿಣ, ಒಂದು ಸ್ಪ್ರಿಂಗ್, ಸ್ವಲ್ಪ ತಾಳ್ಮೆ

ಸೈಕಲ್ ಮತ್ತು ಗುಜರಿ, ಇವೆರಡೂ ಬ್ಯಾರಿಗಳಿಗೆ ಹೊಸತಲ್ಲ. ಕ್ಯಾರಿಯರ್‌ಗೆ ಮೀನಿನ ಬುಟ್ಟಿ ಕಟ್ಟಿ, ಹಾರ್ನ್ ಒತ್ತುತ್ತಾ ಮನೆಮನೆಗೆ ಹೋದ ಹಿರಿಯರು ನಮ್ಮಲ್ಲಿ ಎಷ್ಟೋ ಮಂದಿ. ಗುಜರಿ ವ್ಯಾಪಾರದಲ್ಲೇ ಮಕ್ಕಳನ್ನು ಓದಿಸಿದವರೂ ಇದ್ದಾರೆ. ಈಗ ಆರ್.ಟಿ.ನಗರ, ಹೆಬ್ಬಾಳ, ಯಲಹಂಕ, ಯಶವಂತಪುರದ ಕಡೆ ನೆಲೆಸಿದ ಮನೆಗಳ ಹುಡುಗರು ಮೊಬೈಲ್‌ನಲ್ಲಿ ವಿಚಿತ್ರ ಸೈಕಲ್ ನೋಡಿ, "ಉಸ್ತಾದ್, ಇದನ್ನ ನಾವೇ ಮಾಡ್ಬಹುದಾ?" ಎಂದು ಕೇಳುವುದುಂಟು. ಆರಾಮ ಕುರ್ಚಿಯಲ್ಲಿ ಒರಗಿದಂತೆ ಕೂತು, ಕಾಲು ಮುಂದಕ್ಕೆ ಚಾಚಿ ತುಳಿಯುವ ಸೈಕಲ್ ಅದು. ರಿಕಂಬೆಂಟ್ ಅಂತಾರೆ. ಮಾಡಬಹುದು. ಆದರೆ ತಿಳಿದು ಮಾಡಬೇಕು.

ಇದು ನಿನ್ನೆ ಮೊನ್ನೆಯ ಹುಚ್ಚಲ್ಲ. 1933ರ ಜುಲೈ 7ರಂದು ಪ್ಯಾರಿಸ್‌ನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರ ಇಂಥ ಸೈಕಲ್‌ನಲ್ಲಿ ಒಂದು ಗಂಟೆಗೆ 45 ಕಿಲೋಮೀಟರ್ ದಾಟಿಸಿದ. 1914ರಿಂದ ಯಾರೂ ಮುರಿಯದಿದ್ದ ದಾಖಲೆ ಮುರಿಯಿತು. ಸೈಕಲ್ ಕಟ್ಟಿದವರು ಚಾರ್ಲ್ಸ್ ಮೋಶೆ. ಮೈ ತಗ್ಗಿದಷ್ಟೂ ಗಾಳಿಯ ಅಡ್ಡಿ ಕಡಿಮೆ, ಗುಟ್ಟು ಅಷ್ಟೇ. ಆದರೆ 1934ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಇಂಥ ಸೈಕಲನ್ನು ತನ್ನ ಸ್ಪರ್ಧೆಗಳಿಂದ ಹೊರಗಿಟ್ಟಿತು. ಹಾಗಾಗಿ ದೊಡ್ಡ ಕಂಪೆನಿಗಳೂ ಇದರ ಕಡೆ ಹೆಚ್ಚು ತಿರುಗಿ ನೋಡಲಿಲ್ಲ.

ಅಂಗೈ, ಕತ್ತು, ಸೀಟಿನ ಭಾಗದ ಮೇಲೆ ಭಾರ ಬೀಳದಿರುವುದು ಇದರ ದೊಡ್ಡ ಲಾಭ. ಬೆನ್ನಿಗೆ ಪೂರ್ತಿ ಆಸರೆ ಸಿಗುತ್ತದೆ. ಹಾಗಂತ ಬೆನ್ನು ನೋವಿಗೆ ಇದೇ ಮದ್ದು ಎಂದುಕೊಳ್ಳಬೇಡಿ. ನೋವಿದ್ದವರು ಡಾಕ್ಟರನ್ನು ಕೇಳಿಯೇ ಹತ್ತಬೇಕು.

ಸ್ಪ್ರಿಂಗ್ ಯಾಕೆ?

ಸಾದಾ ಸೈಕಲ್‌ನಲ್ಲಿ ಹಂಪ್ ಬಂದಾಗ ನಾವೇನು ಮಾಡ್ತೇವೆ? ಸೀಟಿನಿಂದ ಸ್ವಲ್ಪ ಎದ್ದು ನಿಲ್ತೇವೆ. ನಮ್ಮ ಮೊಣಕಾಲೇ ಅಲ್ಲಿ ಸ್ಪ್ರಿಂಗ್. ಒರಗಿ ಕೂತವನಿಗೆ ಏಳಲು ಆಗುವುದಿಲ್ಲ. ಗುಂಡಿಯ ಹೊಡೆತ ನೇರ ಬೆನ್ನುಮೂಳೆಗೆ ಬರುತ್ತದೆ. ಚಿಕ್ಕ ಚಕ್ರವಾದರೆ ಗುಂಡಿಯೊಳಗೆ ಇನ್ನೂ ಆಳಕ್ಕೆ ಇಳಿಯುತ್ತದೆ. ಬ್ರಿಟನ್ನಿನ ಅಲೆಕ್ಸ್ ಮೌಲ್ಟನ್ 1962ರಲ್ಲಿ ಚಿಕ್ಕ ಚಕ್ರದ ಸೈಕಲ್ ತಂದಾಗ ರಬ್ಬರ್ ಸಸ್ಪೆನ್ಷನ್ ಕೂಡಿಸಿಯೇ ತಂದದ್ದು ಇದಕ್ಕೇ. ಬೆಂಗಳೂರಿನ ರಸ್ತೆಗೆ ಕೇಳಬೇಕೇ?

ಕಟ್ಟುವುದು ಹೇಗೆ?

ಮೊದಲ ಬಾರಿಗೆ ಕಟ್ಟುವವರು ಉದ್ದನೆಯ ಮಾದರಿ, ಅಂದರೆ ಪೆಡಲ್ ಮುಂದಿನ ಚಕ್ರಕ್ಕಿಂತ ಹಿಂದೆ ಇರುವುದನ್ನು ಆರಿಸಿಕೊಳ್ಳುವುದು ಒಳ್ಳೆಯದು. ಗಿಡ್ಡ ಮಾದರಿಯಲ್ಲಿ ತಿರುಗಿಸುವಾಗ ಪಾದ ಚಕ್ರಕ್ಕೆ ತಾಗಬಹುದು.

ಹಿಂಭಾಗಕ್ಕೆ ಸ್ಪ್ರಿಂಗ್ ಇರುವ ಹಳೆ ಗೇರ್ ಸೈಕಲ್, ಮುಂಭಾಗಕ್ಕೆ ಮಕ್ಕಳ 20 ಇಂಚಿನ ಸೈಕಲ್‌ನ ಫೋರ್ಕ್ ಮತ್ತು ಚಕ್ರ. ಎರಡೂ ಗುಜರಿಯಲ್ಲಿ ಸಿಗುವಂಥದ್ದೇ. ನಡುವಿನ ಬೆನ್ನೆಲುಬಿಗೆ 38 ಮಿಲಿಮೀಟರ್ ಚೌಕದ, 1.6 ಮಿಲಿಮೀಟರ್ ದಪ್ಪದ ಉಕ್ಕಿನ ಪೈಪ್. ಚೈನ್ ಒಂದು ಸಾಲದು, ಎರಡೂವರೆ ಮೂರು ಬೇಕು. ಅದು ಜೋತು ಬೀಳದಂತೆ ನಡುವೆ ಒಂದು ಪುಲ್ಲಿ.

ಹಿಂದಿನ ಚಕ್ರ ಹಿಡಿದ ತೋಳು ಒಂದು ಬೋಲ್ಟಿನ ಮೇಲೆ ಮೇಲೆ ಕೆಳಗೆ ಆಡುತ್ತದೆ. ಆ ಬೋಲ್ಟ್ ಎಲ್ಲಿ ಬರುತ್ತದೆ ಎಂಬುದೇ ಇಡೀ ಕೆಲಸದ ಜೀವ. ಚೈನ್ ಎಳೆಯುವ ಮೇಲಿನ ಗೆರೆಗೆ ಹತ್ತಿರವಿರಬೇಕು. ದೂರವಾದರೆ ಪ್ರತಿ ತುಳಿತಕ್ಕೂ ಸೀಟು ತೊಟ್ಟಿಲಿನಂತೆ ಏರಿಳಿಯುತ್ತದೆ, ಶಕ್ತಿಯೆಲ್ಲ ಸ್ಪ್ರಿಂಗ್‌ಗೆ ಹೋಗುತ್ತದೆ.

ಸ್ಪ್ರಿಂಗನ್ನು ಬೋಲ್ಟ್ ಮತ್ತು ಚಕ್ರದ ನಡುಮಧ್ಯೆ ನೇರಕ್ಕೆ ಕೂರಿಸಿದರೆ, ಚಕ್ರ 4 ಸೆಂಟಿಮೀಟರ್ ಎದ್ದಾಗ ಸ್ಪ್ರಿಂಗ್ 2 ಸೆಂಟಿಮೀಟರ್ ಕುಗ್ಗುತ್ತದೆ. ಅದರ ಮೇಲಿನ ಒತ್ತಡ ಮಾತ್ರ ಎರಡು ಪಟ್ಟು. ಶಾಲೆಯಲ್ಲಿ ಕಲಿತ ಸನ್ನೆಗೋಲಿನ ಪಾಠವೇ ಇದು. ಅದಕ್ಕೇ ಮಕ್ಕಳ ಸೈಕಲ್‌ನ ಮೆತ್ತನೆ ಸ್ಪ್ರಿಂಗ್ ದೊಡ್ಡವರಿಗೆ ಸಾಲುವುದಿಲ್ಲ. ಸವಾರ ಕೂತಾಗ ಒಟ್ಟು ಆಟದ ಕಾಲು ಭಾಗದಷ್ಟು ಕುಗ್ಗಿದರೆ ಸರಿ. ಪೂರ್ತಿ ತಳ ಹಿಡಿದರೆ ಗಟ್ಟಿ ಸ್ಪ್ರಿಂಗ್ ಹಾಕಿ.

ವೆಲ್ಡಿಂಗ್ ಮಾತ್ರ ಹುಡುಗರ ಕೈಗೆ ಕೊಡಬೇಡಿ. ಯಶವಂತಪುರ ದಾಟಿದರೆ ಪೀಣ್ಯ, ಅಲ್ಲಿ ನುರಿತ ಕೈಗಳಿಗೆ ಬರವಿಲ್ಲ. ಸತು ಲೇಪಿಸಿದ ಪೈಪ್ ಬೇಡ. ಅದರ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಮುಂದೆ ಹಿಂದೆ ಎರಡೂ ಬ್ರೇಕ್ ಕೆಲಸ ಮಾಡುವವರೆಗೆ ಯಾರೂ ಹತ್ತಬಾರದು.

ಎಲ್ಲಿ ಓಡಿಸುವುದು?

ಹೆಬ್ಬಾಳ ಫ್ಲೈಓವರ್, ಬಳ್ಳಾರಿ ರಸ್ತೆ ಖಂಡಿತ ಬೇಡ. ಸವಾರ ತಗ್ಗಿನಲ್ಲಿ ಇರುತ್ತಾನೆ. ಬಸ್ಸು ಲಾರಿ ಡ್ರೈವರ್‌ಗೆ ಕಾಣುವುದೇ ಇಲ್ಲ. ಖಾಲಿ ಮೈದಾನದಲ್ಲಿ ಬ್ಯಾಲೆನ್ಸ್ ಹೊಸದಾಗಿ ಕಲಿಯಬೇಕು. ಸಾದಾ ಸೈಕಲ್ ಬಂದವರಿಗೂ ಮೊದಲು ಇದು ಓಲಾಡುತ್ತದೆ. ಆಮೇಲೆ ಯಲಹಂಕ ನ್ಯೂಟೌನ್‌ನ ಒಳರಸ್ತೆ, ಭಾನುವಾರ ಬೆಳಿಗ್ಗೆ, ಜೊತೆಗೆ ದೊಡ್ಡವರೊಬ್ಬರು. ಹೆಲ್ಮೆಟ್, ಮುಂದೆ ಹಿಂದೆ ಲೈಟ್, ಹಿಂದೆ ಎತ್ತರದ ಕೋಲಿಗೆ ಬಣ್ಣದ ಬಾವುಟ ಕಡ್ಡಾಯ. ಏರಿನಲ್ಲಿ ಎದ್ದು ನಿಂತು ತುಳಿಯಲು ಆಗುವುದಿಲ್ಲ, ಚಿಕ್ಕ ಗೇರ್ ಬೇಕೇ ಬೇಕು.

ಇಷ್ಟೆಲ್ಲ ಕಷ್ಟ ಯಾಕೆ, ಅಂಗಡಿಯಿಂದ ಸೈಕಲ್ ತಂದರಾಗದೇ ಎಂದು ತಾಯಂದಿರು ಕೇಳಬಹುದು. ನಮ್ಮ ಬಂಟ್ವಾಳದ ಸಜಿಪಮೂಡದ ಕೃಷಿಕ ಗಣಪತಿ ಭಟ್ ಅಡಿಕೆ ಮರ ಏರುವ ಬೈಕ್ ಮಾಡಿ 2019ರಲ್ಲಿ ದೇಶಕ್ಕೆಲ್ಲ ಪರಿಚಿತರಾದರು. ಎದುರಿನ ತೊಂದರೆಯನ್ನು ಕಣ್ಣಿಟ್ಟು ನೋಡಿ, ಕೈ ಮಸಿ ಮಾಡಿಕೊಂಡದ್ದರ ಫಲ ಅದು. ಮಾರ್ಕ್ಸ್ ಕಾರ್ಡಿನಲ್ಲಿ ಹಿಂದೆ ಬಿದ್ದ ಎಷ್ಟೋ ಹುಡುಗರ ಕೈಯಲ್ಲಿ ಈ ವಿದ್ಯೆ ಇದೆ. ಮಗ ಹಳೆ ಸೈಕಲ್ ಬಿಚ್ಚಿ ಹರಡಿಕೊಂಡರೆ ಬೈಯುವ ಮೊದಲು, ಏನು ಮಾಡ್ತಿದ್ದಿ ಮೋನೇ ಎಂದು ಒಮ್ಮೆ ಕೇಳಿ. ಆಮೇಲೆ ಬ್ರೇಕ್ ಹಾಕಿದ್ದಾನಾ ಅಂತ ನೀವೇ ನೋಡಿ.